"ಬಿಪಿದು, ಶುಗರ್‌ದು, ಅಷ್ಟೇ ಕಣವ್ವ"

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಮೆಡಿಸಿನ್ ವಾರ್ಡಿಗೆ ಯಾರಾದರೂ ಅಡ್ಮಿಟ್ ಆದರೆ, ಮನೆಯಲ್ಲಿ ಅವರು ಏನೇನು ಔಷಧಿ ತಗೊಳ್ಳುತ್ತಿದ್ದರು ಅಂತ ಪೂರ್ತಿ ಪಟ್ಟಿ ಮಾಡಿ, ವಾರ್ಡಿನಲ್ಲಿ ಕೊಡಬೇಕಾದ ಔಷಧಿ ಬರೆದಿರುವ ಡ್ರಗ್ ಚಾರ್ಟಿನ ಜೊತೆ ತಾಳೆ ನೋಡುತ್ತೇನೆ. ಮೆಡಿಕೇಶನ್ ರಿಕನ್ಸಿಲಿಯೇಶನ್ ಅಂದರೆ ಇದೇ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಇದನ್ನು ಮಾಡಲೇಬೇಕು, ಹಾಗಾಗಿ ಫೈಲಿನಲ್ಲಿ ಒಂದು ಫಾರಂ ಇರುತ್ತದೆ. ಅದನ್ನು ತುಂಬಿಸುವುದು ಸುಲಭ. ಪಟ್ಟಿ ಸರಿಯಾಗಿ ಸಿಗುವುದು ಬೇರೆ ಮಾತು.

"ಏನು ಮಾತ್ರೆ ತಗೋತೀರಾ?" ಅಂತ ಕೇಳಿದರೆ ಬರುವ ಉತ್ತರ ಮೇಲೆ ಬರೆದಿದ್ದೇನೆ. ಅವರು ಸುಳ್ಳು ಹೇಳುತ್ತಿಲ್ಲ. ಥೈರಾಯ್ಡ್ ಮಾತ್ರೆ ವರ್ಷಗಟ್ಟಲೆ ಕಾಫಿಗೆ ಮುಂಚೆ ನುಂಗಿ ಅಭ್ಯಾಸವಾಗಿ ಹೋಗಿರುತ್ತದೆ, ಲೆಕ್ಕಕ್ಕೇ ಬರುವುದಿಲ್ಲ. ಇನ್ಸುಲಿನ್ ಇಂಜೆಕ್ಷನ್ನು, ಮಾತ್ರೆಯಲ್ಲ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದದ್ದನ್ನು ಹೇಳಿದರೆ ಬೈತಾರೆ ಅನ್ನೋ ಭಯ. ಕಿಡ್ನಿ ತೊಂದರೆಯಿಂದ ಬಂದವರಲ್ಲಿ ನಮಗೆ ಮೊದಲು ಬೇಕಾಗಿರುವುದೇ ಕಿಡ್ನಿಗೆ ಪೆಟ್ಟು ಕೊಡಬಲ್ಲ ಆ ನೋವಿನ ಮಾತ್ರೆಯ ಸುದ್ದಿ!

ಅದಕ್ಕೇ ನಾನು ದಿನದ ಲೆಕ್ಕದಲ್ಲಿ ಕೇಳುತ್ತೇನೆ. ಎದ್ದ ಕೂಡಲೇ ಖಾಲಿ ಹೊಟ್ಟೇಲಿ ಏನಾದ್ರೂ ಇದ್ಯಾ? ತಿಂಡಿ ಆದ್ಮೇಲೆ? ರಾತ್ರಿ ಮಲಗೋ ಮುಂಚೆ? ವಾರಕ್ಕೊಂದ್ಸಲ ತಗೊಳ್ಳೋದು? ಈ ಕೊನೆಯದನ್ನು ಬಿಡಬಾರದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಚಾರ್ಟಿನಲ್ಲಿ ದಿನಾ ಅಂತ ಆಗಿಬಿಟ್ಟರೆ ಜೀವಕ್ಕೇ ಕುತ್ತು. ಆಮೇಲೆ ತಲೆಯಿಂದ ಕಾಲಿನವರೆಗೆ: ಕಣ್ಣಿಗೆ, ಮೂಗಿಗೆ ಹಾಕೋದು, ಬಾಯಲ್ಲಿ ಎಳೆದುಕೊಳ್ಳೋದು, ಮೈಗೆ ಹಚ್ಚೋದು. ನಾಟಿ ಔಷಧಿ, ಕಷಾಯವನ್ನು ಕೊನೆಗೆ, ನಗುತ್ತಾ ಕೇಳುತ್ತೇನೆ.

ಕಣ್ಣಿನ ಪ್ರಶ್ನೆಯ ಬೆಲೆ ಒಬ್ಬ ಅಜ್ಜನಿಂದ ಗೊತ್ತಾಯಿತು. ತಲೆಸುತ್ತು ಅಂತ ಬಂದಿದ್ದರು, ನಾಡಿ ತೀರಾ ನಿಧಾನ, 40ರ ಆಸುಪಾಸು. ಬಿಪಿಗೆ ಮೆಟೊಪ್ರೊಲಾಲ್ ನಡೆಯುತ್ತಿತ್ತು. ಅದನ್ನು ಡಾಕ್ಟರು ಬಂದ ದಿನವೇ ನಿಲ್ಲಿಸಿದ್ದರು. ಆದರೂ ನಾಡಿ ಏರಲಿಲ್ಲ. ಪೇಸ್‌ಮೇಕರ್ ಮಾತು ಶುರುವಾಗಿತ್ತು. ನಾನು ಕಣ್ಣಿನ ವಿಷಯ ಎತ್ತಿದಾಗ ಅಜ್ಜ "ಏನಿಲ್ಲ" ಅಂದರು. ಪಕ್ಕದಲ್ಲಿದ್ದ ಅಜ್ಜಿ, "ಅಯ್ಯೋ, ಡ್ರಾಪ್ಸ್ ಹಾಕ್ತಿದೀನಲ್ಲ!" ಅಂತ ಎಲೆ ಅಡಿಕೆ ಚೀಲದಿಂದ ಒಂದು ಪುಟ್ಟ ಬಾಟ್ಲಿ ತೆಗೆದರು. ಟಿಮೊಲಾಲ್. ಗ್ಲಾಕೋಮಾಕ್ಕೆ ಕೊಟ್ಟಿದ್ದು. ವಾರ್ಡಿನಲ್ಲೂ ಬೆಳಗ್ಗೆ ಸಂಜೆ ತಪ್ಪದೆ ಹಾಕುತ್ತಿದ್ದರು. ಟಿಮೊಲಾಲ್ ಕೂಡ ಮೆಟೊಪ್ರೊಲಾಲ್ ಜಾತಿಯದೇ, ಬೀಟಾ ಬ್ಲಾಕರ್, ಅಂದರೆ ನಾಡಿಯನ್ನು ನಿಧಾನ ಮಾಡುವ ಔಷಧಿ. ಕಣ್ಣಿಗೆ ಹಾಕಿದ್ದು ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ನೇರ ರಕ್ತ ಸೇರುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿ ಬೇರೆ ಡ್ರಾಪ್ಸ್ ಬರೆಸಿದೆವು. ನಾಡಿ ಏರಿತು, ಪೇಸ್‌ಮೇಕರ್ ಮಾತು ಅಲ್ಲಿಗೇ ನಿಂತಿತು.

ಬಾಯಿಮಾತು ಒಂದೇ ಸಾಲದು. ಮನೆಯಲ್ಲಿರುವ ಮಗನಿಗೋ ಸೊಸೆಗೋ ಫೋನ್ ಮಾಡಿಸಿ, ಮಾತ್ರೆ ಡಬ್ಬಿಯನ್ನೇ ಸುರಿದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ ಅನ್ನುತ್ತೇನೆ. ಅಂಗಡಿಯವರು ಹತ್ತರಲ್ಲಿ ನಾಲ್ಕು ಕತ್ತರಿಸಿ ಕೊಟ್ಟಿರುತ್ತಾರೆ, ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದಿರುತ್ತದೆ. ಆಗ ಅದೇ ಅಂಗಡಿಗೆ ಫೋನ್. ಜನೌಷಧಿ ಕೇಂದ್ರದಿಂದ ತಂದ ಟೆಲ್ಮಿಸಾರ್ಟಾನ್, ಮೊದಲಿನ ಟೆಲ್ಮಾ, ಎರಡೂ ಒಂದೇ ಬಿಪಿ ಔಷಧಿ, ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗುವವರು ಇದ್ದಾರೆ. ಎಕೋಸ್ಪ್ರಿನ್ ಎವಿ ಮಾತ್ರೆಯಲ್ಲಿ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಸೇರಿಕೊಂಡೇ ಇದೆ, ಪಕ್ಕದಲ್ಲಿ ಅದೇ ಇನ್ನೊಂದು ಹೆಸರಿನಲ್ಲಿ ಕೂತಿರುತ್ತದೆ.

ಪಟ್ಟಿ ಸಿಕ್ಕ ಮೇಲೆ ಡಾಕ್ಟರ ಹತ್ತಿರ ಮಾತು. ನಮ್ಮಂಥ ಫಾರ್ಮಸಿಸ್ಟರು ಓದುವ ಫಾರ್ಮ್.ಡಿ ಕೋರ್ಸ್ ನಮ್ಮ ದೇಶಕ್ಕೆ ಬಂದಿದ್ದೇ 2008ರಲ್ಲಿ, ಹಾಗಾಗಿ ಇವಳ್ಯಾರು ಕೇಳೋಕೆ ಅನ್ನೋ ನೋಟ ಇನ್ನೂ ಸಿಗುತ್ತದೆ. "ಬಿಟ್ಟುಹೋಗಿದೆ" ಅನ್ನುವುದಿಲ್ಲ ನಾನು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಚಾರ್ಟಿನಲ್ಲಿ ಇಲ್ಲದಿದ್ದರೆ, "ಸರ್, ಕ್ಲೋಪಿಡೋಗ್ರೆಲ್ ಬೇಕಂತಲೇ ನಿಲ್ಲಿಸಿದ್ದಾ?" ಅನ್ನುತ್ತೇನೆ. ಎಷ್ಟೋ ಸಲ ಹೌದು, ಆಪರೇಷನ್ ಇದೆ ಅಂತಲೋ, ರಕ್ತಸ್ರಾವ ಅಂತಲೋ. ಹಾಗಿದ್ದರೆ ಕಾರಣವನ್ನೂ, ಮತ್ತೆ ಯಾವಾಗ ಶುರು ಅನ್ನೋದನ್ನೂ ಚಾರ್ಟಿನಲ್ಲಿ ಬರೆಸಿಕೊಳ್ಳುತ್ತೇನೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದನ್ನು ಮತ್ತೆ ಶುರು ಮಾಡುವುದು ಮರೆತರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಐಸಿಯುನಿಂದ ವಾರ್ಡಿಗೆ ಬಂದಾಗ ಇನ್ನೊಮ್ಮೆ ಇದೇ ತಾಳೆ. ಐಸಿಯುನಲ್ಲಿ ಹೊಟ್ಟೆಗೆ ಅಂತ ಶುರುವಾದ ಆಸಿಡಿಟಿ ಮಾತ್ರೆ ಪ್ಯಾಂಟೊಪ್ರಜೋಲ್ ಸುಮ್ನೆ ಮನೆಯವರೆಗೂ ಹೋಗುವುದು ಮಾಮೂಲಿ.

ನನ್ನ ಪ್ರಕಾರ ಜಾಸ್ತಿ ಎಡವಟ್ಟು ಆಗುವುದು ಡಿಸ್ಚಾರ್ಜಿನಲ್ಲಿ. ಸಮ್ಮರಿಯಲ್ಲಿ ಹೊಸ ಮಾತ್ರೆಗಳಿರುತ್ತವೆ, ಹಳೆಯದನ್ನು ಏನು ಮಾಡಬೇಕು ಅಂತ ಇರುವುದಿಲ್ಲ. ಮನೆಯಲ್ಲಿ ಸ್ಟ್ರಿಪ್ ಉಳಿದಿದೆ, ದುಡ್ಡು ಕೊಟ್ಟು ತಂದದ್ದು, ಯಾರು ಬಿಸಾಕುತ್ತಾರೆ? ಅದಕ್ಕೆ ಕನ್ನಡದಲ್ಲೇ ಒಂದು ಹಾಳೆ ಬರೆದುಕೊಡುತ್ತೇನೆ: ಮುಂದುವರಿಸಿ, ಡೋಸ್ ಬದಲಾಗಿದೆ, ಹೊಸದು, ನಿಲ್ಲಿಸಿ. ಓದಲು ಬಾರದವರಿಗೆ ಸೂರ್ಯ, ಚಂದ್ರ ಬರೆಯುತ್ತೇನೆ. ನಿಲ್ಲಿಸಿದ ಮಾತ್ರೆ ಅವರ ಚೀಲದಲ್ಲೇ ಇದ್ದರೆ, ಕೇಳಿಕೊಂಡು ಸ್ಟ್ರಿಪ್ಪಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಇಂಟು ಹಾಕುತ್ತೇನೆ. ಆಮೇಲೆ, ಮನೆಯಲ್ಲಿ ಮಾತ್ರೆ ಕೊಡುವವರು ಯಾರೋ ಅವರಿಂದಲೇ "ನಾಳೆ ಬೆಳಗ್ಗೆ ಏನೇನು ಕೊಡ್ತೀರಾ ಹೇಳಿ" ಅಂತ ಹೇಳಿಸುತ್ತೇನೆ. ಹೆಚ್ಚಾಗಿ ಅದು ಸೊಸೆ. ಅವರು ಬಿಲ್ ಕಟ್ಟುವ ಸಾಲಿನಲ್ಲಿದ್ದರೆ ವಾಪಸ್ ಬರುವವರೆಗೆ ಕಾಯುತ್ತೇನೆ.