ಹೆಸರಿನಿಂದಲ್ಲ, ತೋಟದ ಮನೆಯಿಂದ ಸಿಕ್ಕ ಮೂಲ

ನನ್ನ ಗಂಡನ ಮನೆಯವರು ಅಮೆರಿಕದ ಒಹಾಯೊ ರಾಜ್ಯದ ಜಾಕ್ಸನ್ ಕೌಂಟಿಯವರು. ಹಿರಿಯರೊಬ್ಬರು 1840ರ ಆಸುಪಾಸಿನಲ್ಲಿ ವೇಲ್ಸ್‌ನಿಂದ ಬಂದರು, ಉಪನಾಮ ಡೇವಿಸ್, ಜೆಫರ್ಸನ್ ಎಂಬ ಕಬ್ಬಿಣ ಕರಗಿಸುವ ಕುಲುಮೆಯಲ್ಲಿ ಅವರಿಗೆ ಪಾಲಿತ್ತು. ಮನೆಯಲ್ಲಿ ಉಳಿದಿದ್ದ ಮಾತು ಇಷ್ಟೇ. ಎಂಬತ್ತು ದಾಟಿದ ಅತ್ತೆಯವರಿಗೆ ಮೂಲದ ಊರು ಯಾವುದೆಂದು ತಿಳಿಯುವ ಆಸೆ. ಆ ಕೆಲಸವನ್ನು ನಾನು ಕೈಗೆತ್ತಿಕೊಂಡೆ.

ಕುಲುಮೆಯ ಮಾತು ಚಿಕ್ಕದಾದರೂ ಬೆಲೆಯುಳ್ಳದ್ದು. ಜೆಫರ್ಸನ್ ಕುಲುಮೆಯನ್ನು 1854ರಲ್ಲಿ ಕಟ್ಟಿದವರು ವೆಲ್ಷ್ ರೈತರು. ಭಾನುವಾರ ಅಲ್ಲಿ ಕಬ್ಬಿಣ ಕರಗಿಸುತ್ತಿರಲಿಲ್ಲ. ಜಾಕ್ಸನ್ ಮತ್ತು ಗ್ಯಾಲಿಯಾ ಕೌಂಟಿಗಳಿಗೆ 1818ರಲ್ಲಿ ಮೊದಲು ಬಂದವರು ಪಶ್ಚಿಮ ವೇಲ್ಸ್‌ನ ಕಾರ್ಡಿಗನ್‌ಶೈರ್‌ನ ಕಿಲ್‌ಕೆನ್ನಿನ್ ಸುತ್ತಲಿನ ಕೆಲವು ಕುಟುಂಬಗಳು. 1830ರ ದಶಕದಿಂದ ಅವರ ನೆಂಟರಿಷ್ಟರು, ಅಕ್ಕಪಕ್ಕದವರು ಸಾಲುಸಾಲಾಗಿ ಹಿಂಬಾಲಿಸಿದರು. ಹಾಗಾಗಿ ಹುಡುಕಬೇಕಾದ ಸೀಮೆ ಯಾವುದೆಂಬ ಅಂದಾಜು ಮೊದಲೇ ಸಿಕ್ಕಿತು.

ಸೀಮೆ ಗೊತ್ತಾದರೆ ಸಾಲದು. ಆ ಕಾಲದ ವೇಲ್ಸ್‌ನ ಹಳ್ಳಿಗಳಲ್ಲಿ ಸ್ಥಿರವಾದ ಉಪನಾಮ ಇನ್ನೂ ಪೂರ್ತಿ ನೆಲೆಯೂರಿರಲಿಲ್ಲ. ಅನೇಕ ಮನೆಗಳಲ್ಲಿ ತಂದೆಯ ಹೆಸರೇ ಮಗನಿಗೆ ಉಪನಾಮವಾಗುತ್ತಿತ್ತು. ಡೇವಿಡ್ ಎಂಬುವರ ಮಗ ಡೇವಿಸ್ ಆದರೆ, ಆ ಡೇವಿಡ್‌ನ ಉಪನಾಮ ಮತ್ತೊಂದೇ ಇರಬಹುದು. ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ವಲಯದಲ್ಲಿ, ಅದೇ ಹೆಸರಿನವರು ಎಷ್ಟೋ ಮಂದಿ. ಜನ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದು ವಾಸದ ತೋಟದ, ಅಂದರೆ ಮನೆ ಹೊಲ ಸೇರಿದ ಜಮೀನಿನ, ಹೆಸರಿನಿಂದ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮೂರಿನಲ್ಲೂ ಮನೆಯ ಹೆಸರು ಹೇಳದೆ ಬರಿಯ ಸುಬ್ರಾಯರು ಎಂದರೆ ಯಾವ ಸುಬ್ರಾಯರು ಎಂದೇ ಕೇಳುತ್ತಾರೆ. ಡೇವಿಸ್‌ರನ್ನು ಬದಿಗಿಟ್ಟು ಅವರ ತೋಟವನ್ನೇ ಹುಡುಕಬೇಕೆಂದು ಅಂದೇ ತೀರ್ಮಾನಿಸಿದೆ.

ಅಮೆರಿಕದ ಜನಗಣತಿಯಲ್ಲಿ ಮನೆಮಂದಿಯ ಹೆಸರೆಲ್ಲ ಬರುವುದು 1850ರಿಂದ. ಆದರೆ ಹುಟ್ಟಿದ ಸ್ಥಳದ ಅಂಕಣದಲ್ಲಿ ‘ವೇಲ್ಸ್’ ಎಂದಷ್ಟೇ ಇತ್ತು. ಹಡಗಿನ ಪಟ್ಟಿಗಳಿಗೆ ನಾನು ಹೆಚ್ಚು ಸಮಯ ಕೊಡಲಿಲ್ಲ. ಬ್ರಿಟನ್ನಿನಿಂದ ಹೊರಟವರ ಪಟ್ಟಿಗಳು ಉಳಿದಿರುವುದು ಬಹುತೇಕ 1890ರಿಂದ ಈಚಿನವು. ಅಮೆರಿಕದ ಬಂದರಿನವರು ಬರೆದುಕೊಂಡದ್ದರಲ್ಲಿ ದೇಶದ ಹೆಸರು ಸಿಗುತ್ತದೆಯೇ ಹೊರತು ಊರಿನದಲ್ಲ.

ದಾರಿ ತೋರಿಸಿದ್ದು ಒಹಾಯೊದ ಚಾಪೆಲ್ಲಿನ (ವೆಲ್ಷ್ ವಲಸಿಗರ ಪ್ರಾರ್ಥನಾ ಮಂದಿರ) ಹಿಂದಿರುವ ಆ ಹಿರಿಯರ ಸಮಾಧಿ ಕಲ್ಲು. ಈ ವಲಸಿಗರಲ್ಲಿ ಹೆಚ್ಚಿನವರು ಕ್ಯಾಲ್ವಿನಿಸ್ಟ್ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದವರು. ಕಲ್ಲುಗಳ ಮೇಲೆ ವೆಲ್ಷ್ ಭಾಷೆಯಲ್ಲೇ ಬರೆಸಿದ್ದಾರೆ. ನಡುಹಗಲಲ್ಲಿ ನೋಡಿದರೆ ಆ ಕಲ್ಲು ಬರಿಯ ಬೂದು ಹಲಗೆ. ಸಂಜೆಯ ಓರೆ ಬಿಸಿಲು ಒಂದು ಬದಿಯಿಂದ ಬಿದ್ದಾಗ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಕೂತು ಸಾಲುಗಳು ಎದ್ದು ಬಂದವು: ‘ಎರ್ ಕೋವ್ ಅಮ್’, ಅಂದರೆ ಇಂಥವರ ನೆನಪಿಗೆ; ಕೆಳಗೆ ‘ಗೆನೆದಿಗೊಲ್ ಓ’, ಅಂದರೆ ಇಂಥ ಊರಿನಲ್ಲಿ ಹುಟ್ಟಿದವರು. ಊರಿನ ಹೆಸರು ಅರ್ಧ ಕಿತ್ತುಹೋಗಿತ್ತು. ಸಾವಿನ ತಿಂಗಳು ಮತ್ತು ವರ್ಷ ಮಾತ್ರ ಸ್ಪಷ್ಟ. ಕಲ್ಲಿಗೆ ಸುಣ್ಣ ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ದಯವಿಟ್ಟು ಬೇಡ. ಬಿಸಿಲು ತಿರುಗುವವರೆಗೆ ಕಾಯಿರಿ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿ.

ಆ ದಿನಾಂಕ ಹಿಡಿದುಕೊಂಡು, ಅಮೆರಿಕದ ಈ ಪಂಥದವರು 1838ರಿಂದ ವೆಲ್ಷ್‌ನಲ್ಲಿ ನಡೆಸಿದ ‘ಅ ಕವೈಲ್’ ಮಾಸಪತ್ರಿಕೆಯ ಮುಂದಿನ ಸಂಚಿಕೆಗಳನ್ನು ತಿರುವಿದೆ. ಅದರ ನಿಧನ ವಾರ್ತೆಗಳು ನಿಜಕ್ಕೂ ಭಂಡಾರ. ವೆಲ್ಷ್ ಬಲ್ಲ ನಿವೃತ್ತ ಶಿಕ್ಷಕಿಯೊಬ್ಬರು ಓದಿ ಹೇಳಿದರು: ಕಾರ್ಡಿಗನ್‌ಶೈರ್‌ನ ಏರನ್ ಕಣಿವೆಯ ಒಂದು ಪ್ಯಾರಿಷ್, ತೋಟದ ಹೆಸರು ಪೆನ್‌ಲಾನ್.

ಪೆನ್‌ಲಾನ್ ಎಂಬ ತೋಟಗಳು ವೇಲ್ಸ್‌ನ ತುಂಬ ಇವೆ. ಪ್ಯಾರಿಷ್ ಗೊತ್ತಿದ್ದುದರಿಂದ ನಾನು ಪಾರಾದೆ. 1836ರ ಕಾನೂನಿನ ಪ್ರಕಾರ ಚರ್ಚಿಗೆ ಸಲ್ಲಬೇಕಾದ ದಶಾಂಶವನ್ನು (ಬೆಳೆಯ ಹತ್ತನೇ ಒಂದು ಪಾಲು) ಹಣದ ರೂಪಕ್ಕೆ ತರಲು ಭೂಮಿಯ ನಕ್ಷೆಗಳನ್ನು ಮಾಡಿಸಿದ್ದರು. ಅವನ್ನು ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ನಕ್ಷೆಯಲ್ಲಿ ಪ್ರತಿ ಹೊಲಕ್ಕೂ ಒಂದು ಸಂಖ್ಯೆ. ಜೊತೆಯ ಪಟ್ಟಿಯಲ್ಲಿ ಒಡೆಯ ಯಾರು, ಉಳುವವನು ಯಾರು ಎಂಬ ವಿವರ. ಪೆನ್‌ಲಾನ್ ಉಳುತ್ತಿದ್ದವರು ಡೇವಿಡ್ ಇವಾನ್. ಡೇವಿಸ್ ಎಂದು ಹುಡುಕಿದ್ದರೆ ಈ ಮನುಷ್ಯ ಜನ್ಮದಲ್ಲಿ ಸಿಗುತ್ತಿರಲಿಲ್ಲ.

ತೋಟದ ಹೆಸರು ಒಂದೇ ಎಂದ ಮಾತ್ರಕ್ಕೆ ತಂದೆ ಮಗ ಎನ್ನಲಾಗದು. ಎರಡು ದಾಖಲೆಗಳು ಅದನ್ನು ಗಟ್ಟಿ ಮಾಡಿದವು. ಒಂದು, ಚಾಪೆಲ್ಲಿನ ದೀಕ್ಷಾಸ್ನಾನದ ಪುಸ್ತಕ. 1837ರಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದ ಹೊತ್ತಿನಲ್ಲಿ ಇಂಥ ಅನೇಕ ಪುಸ್ತಕಗಳನ್ನು ಲಂಡನ್ನಿಗೆ ಒಪ್ಪಿಸಲಾಯಿತು. ಈಗ ಅವು ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಮಗುವಿನ ಹೆಸರಿನ ಮುಂದೆ ತಂದೆ ತಾಯಿ, ತೋಟ ಎಲ್ಲ ಇತ್ತು. ಇನ್ನೊಂದು, ಡೇವಿಡ್ ಇವಾನ್‌ರ ಉಯಿಲು. 1858ಕ್ಕಿಂತ ಹಿಂದಿನ ವೇಲ್ಸ್‌ನ ಉಯಿಲುಗಳೂ ಅದೇ ಗ್ರಂಥಾಲಯದಲ್ಲಿ ಉಚಿತ. ದನಕರು, ಮಂಚ, ಮಗ್ಗುಲ ಹೊಲದ ಗೇಣಿ ಹಕ್ಕು ಎಂದು ಸಾಗಿದ ಬರಹದ ನಡುವೆ, ಈಗ ಅಮೆರಿಕದಲ್ಲಿರುವ ಹಿರಿಯ ಮಗನಿಗೆ ಐದು ಪೌಂಡ್ ಎಂಬ ಸಾಲು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು.

ವೇಲ್ಸ್‌ನ 1851ರ ಜನಗಣತಿಯಲ್ಲಿ ತಾಯಿ ವಿಧವೆಯಾಗಿ ಅದೇ ಪೆನ್‌ಲಾನ್‌ನಲ್ಲಿದ್ದಾರೆ, ಜೊತೆಗೆ ಕಿರಿಯ ಮಗ. ಅಣ್ಣ ಡೇವಿಸ್ ಆಗಿದ್ದರೆ ತಮ್ಮ ಇವಾನ್ಸ್ ಆಗಿದ್ದಾನೆ! ಸಾಲು ಸಾಲು ಜನಗಣತಿಗಳಲ್ಲಿ ಈ ಇವಾನ್ಸ್ ಕುಟುಂಬವನ್ನು ಹಿಂಬಾಲಿಸಿ 1911ರವರೆಗೆ ಬಂದಿದ್ದೇನೆ. ಸದ್ಯ 1921ರ ಪುಟಗಳನ್ನು ನೋಡುತ್ತಿದ್ದೇನೆ. ಅತ್ತೆಯವರಂತೂ ವೇಲ್ಸ್‌ನ ದಾಯಾದಿಗಳಿಗೆ ಬರೆಯಬೇಕಾದ ಪತ್ರದ ಕರಡನ್ನು ಈಗಾಗಲೇ ಸಿದ್ಧಮಾಡಿಟ್ಟಿದ್ದಾರೆ, ವಿಳಾಸವೊಂದು ಬಾಕಿ.