ಸ್ತನ ಪುನರ್‌ರಚನೆಯ ಎರಡನೆಯ ಶಸ್ತ್ರಚಿಕಿತ್ಸೆ: ನಾನು ಚೇತರಿಸಿಕೊಂಡ ಬಗೆ

ಕ್ಯಾನ್ಸರ್‌ನಿಂದಾಗಿ ಎಡ ಸ್ತನವನ್ನು ಪೂರ್ತಿಯಾಗಿ ತೆಗೆಸಿಕೊಂಡು, ಅದೇ ಹೊತ್ತಿನಲ್ಲಿ ಬೆನ್ನಿನ ಸ್ನಾಯುವಿನಿಂದ ಹೊಸ ಸ್ತನವನ್ನು ಕಟ್ಟಿಸಿಕೊಂಡವಳು ನಾನು. ಕಿಮೋ, ರೇಡಿಯೇಷನ್ ಎಲ್ಲವೂ ಮುಗಿದು ವರ್ಷ ಕಳೆದ ಮೇಲೆ, ಕಟ್ಟಿದ್ದನ್ನು ತಿದ್ದುವ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಮಾಡಿಸಿಕೊಂಡು, ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಚೇತರಿಸಿಕೊಂಡೆ. ಮೊದಲನೆಯ ಆಪರೇಷನ್ನಿನ ಬಗ್ಗೆ ಹೇಳುವವರು ಹೇಗೋ ಸಿಗುತ್ತಾರೆ. ಈ ಎರಡನೆಯದರ ಬಗ್ಗೆ, ಅದರಲ್ಲೂ ಮನೆಗೆ ಬಂದ ಮೇಲಿನ ವಾರಗಳ ಬಗ್ಗೆ, ನನಗೆ ಹೇಳಿದವರು ಯಾರೂ ಇರಲಿಲ್ಲ. ಕೇಳಿದವರೆಲ್ಲ ಅದನ್ನು ಚಿಕ್ಕ ಆಪರೇಷನ್ ಎಂದರು. ಹೊಲಿಗೆಯ ಲೆಕ್ಕದಲ್ಲಿ ಅದು ಚಿಕ್ಕದೇ ಸರಿ. ಆದರೆ ಚಿಕ್ಕದು ಎಂದುಕೊಂಡ ಮನೆಯಲ್ಲಿ ಹೆಂಗಸಿಗೆ ವಿಶ್ರಾಂತಿ ತಾನಾಗಿ ಒದಗುವುದಿಲ್ಲ; ಅದನ್ನು ಆಪರೇಷನ್ನಿಗೆ ಮೊದಲೇ, ದಿನಾಂಕದಷ್ಟೇ ಖಚಿತವಾಗಿ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ.

ನನಗೆ ಮಾಡಿದ್ದೇನು ಎಂಬುದನ್ನು ಮೊದಲು ಹೇಳುತ್ತೇನೆ. ಬೆನ್ನಿನ ಸ್ನಾಯುವನ್ನು ಮೇಲಿನ ಚರ್ಮದ ಸಮೇತ, ಅದರ ರಕ್ತನಾಳವನ್ನು ಕಡಿಯದೆ ಕಂಕುಳಿನ ಕೆಳಗಿನಿಂದ ಎದೆಗೆ ತಿರುಗಿಸಿ ತರುವ ವಿಧಾನವನ್ನು ಇಟಲಿಯ ಶಸ್ತ್ರಚಿಕಿತ್ಸಕ ಇಜಿನಿಯೊ ಟಾನ್ಸಿನಿ 1906ರಲ್ಲಿಯೇ ವಿವರಿಸಿದ್ದರು. ಬಹುಕಾಲ ಮೂಲೆಗುಂಪಾಗಿದ್ದ ಅದು 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂದಿತು. ರಕ್ತದ ಹರಿವು ಚೆನ್ನಾಗಿರುವುದು ಅದರ ಗುಣ. ಆದರೆ ಕೆಲಸವಿಲ್ಲದ ಸ್ನಾಯು ಕಾಲಕ್ರಮದಲ್ಲಿ ಸೊರಗುತ್ತದೆ, ರೇಡಿಯೇಷನ್ ಬಿದ್ದ ಚರ್ಮ ಬಿಗಿಯಾಗಿ ಕುಗ್ಗುತ್ತದೆ. ನನ್ನಲ್ಲಿ ಸ್ತನದ ಮೇಲ್ಭಾಗ ತಗ್ಗುಬಿದ್ದಿತ್ತು, ಕಂಕುಳಿನ ಕೆಳಗೆ ಹೊಲಿಗೆಯ ತುದಿಯಲ್ಲಿ ಮಾಂಸ ಉಬ್ಬಿ ನಿಂತು ರವಿಕೆಯ ತೋಳಿಗೆ ಉಜ್ಜುತ್ತಿತ್ತು, ಬಲಗಡೆಯದು ವಯಸ್ಸಿಗೆ ತಕ್ಕಂತೆ ಇಳಿದು ಎರಡರ ನಡುವೆ ಎತ್ತರದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಹೆಗಲು ಒಂದು ಕಡೆಗೆ ಎಳೆಯುತ್ತಿತ್ತು. ಆದ್ದರಿಂದ ಹೊಟ್ಟೆ ಮತ್ತು ತೊಡೆಯ ಕೊಬ್ಬನ್ನು ಲೈಪೋಸಕ್ಷನ್‌ನಿಂದ ಹೀರಿ ತೆಗೆದು, ಶುದ್ಧಮಾಡಿ, ತಗ್ಗಿನಲ್ಲಿ ಎಳೆಎಳೆಯಾಗಿ ತುಂಬುವುದು, ಕಂಕುಳಿನ ಕಲೆಯನ್ನು ಸರಿಪಡಿಸುವುದು, ಬಲ ಸ್ತನವನ್ನು ಸ್ವಲ್ಪ ಕಿರಿದುಗೊಳಿಸಿ ಮೇಲೆತ್ತುವುದು, ಈ ಮೂರನ್ನೂ ಒಂದೇ ಸಲಕ್ಕೆ ಮಾಡಿದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಕೇಳಿದವರಿದ್ದಾರೆ. ಬೇಕಿತ್ತು. ದಿನವೂ ಉಡುವ ಬಟ್ಟೆ ದಿನವೂ ಕಾಯಿಲೆಯನ್ನು ನೆನಪಿಸುತ್ತಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕೊಬ್ಬು ತುಂಬಿದರೆ ಕ್ಯಾನ್ಸರ್ ಮರಳಿ ಬಂದೀತೇ, ಬಂದರೂ ಗೊತ್ತಾಗದೆ ಹೋದೀತೇ ಎಂಬ ಭಯ ನನ್ನೊಬ್ಬಳದ್ದಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘವೇ 1987ರಲ್ಲಿ ಸ್ತನಕ್ಕೆ ಕೊಬ್ಬು ತುಂಬುವುದು ಬೇಡವೆಂದಿತ್ತು. ಸ್ಕ್ಯಾನ್ ಓದುವುದಕ್ಕೆ ತೊಡಕಾಗುತ್ತದೆ ಎಂಬುದು ಆಗಿನ ಆತಂಕ. ಅನುಭವ ಬೆಳೆದ ಮೇಲೆ 2009ರಲ್ಲಿ ಆ ನಿಲುವನ್ನು ಬದಲಿಸಿತು. ನನ್ನ ಸರ್ಜನ್ ಮತ್ತು ಕ್ಯಾನ್ಸರ್ ವೈದ್ಯರು ಇಬ್ಬರೂ ಒಟ್ಟಿಗೆ ಒಪ್ಪಿದ ಮೇಲೆಯೇ ನಾನು ಒಪ್ಪಿದೆ. ಕ್ಯಾನ್ಸರ್ ಮರಳದಿರಲೆಂದು ನಾನು ನುಂಗುತ್ತಿದ್ದ ಟಾಮಾಕ್ಸಿಫೆನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಅದನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನೂ ಅವರಿಬ್ಬರೇ ಮಾತಾಡಿಕೊಂಡು ಬರೆದುಕೊಟ್ಟರು. ಅಂಥ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು.

ಹಣದ ವಿಷಯದಲ್ಲಿ ಒಂದು ಮಾತು. ಆರೋಗ್ಯ ವಿಮೆಯ ಕಾಗದದಲ್ಲಿ ಸೌಂದರ್ಯವರ್ಧಕ ಮತ್ತು ಪ್ಲಾಸ್ಟಿಕ್ ಸರ್ಜರಿಗೆ ಹಣ ಕೊಡುವುದಿಲ್ಲ ಎಂಬ ಷರತ್ತು ಇರುತ್ತದೆ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್‌ರಚನೆಗೆ ಆ ನಿಷೇಧ ಅನ್ವಯಿಸದು ಎಂದು ಅದೇ ಷರತ್ತಿನ ಮುಂದಿನ ಸಾಲಿನಲ್ಲಿದೆ. ಎರಡನೆಯ ಆಪರೇಷನ್ನೂ ಆ ಪುನರ್‌ರಚನೆಯದೇ ಭಾಗವೆಂದು ಸರ್ಜನ್ನರಿಂದ ಬರೆಸಿಕೊಂಡು, ಮೊದಲನೆಯ ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಇಟ್ಟುಕೊಳ್ಳಿ.

ಕಾಲವನ್ನು ನಾನೇ ಆರಿಸಿಕೊಂಡೆ. ನಮ್ಮದು ಅರೇಬಿಕಾ ತೋಟ; ಹಣ್ಣು ಕೊಯ್ಲು ನಡೆಯುವಾಗ ಕಣ ಬಿಟ್ಟು ಯಾರೂ ಅಲುಗಾಡುವಂತಿಲ್ಲ, ಮನೆಗೆ ಬಂದುಹೋಗುವವರಿಗೂ ಲೆಕ್ಕವಿರುವುದಿಲ್ಲ. ಮಳೆಗಾಲವೂ ಬೇಡವೆಂದೆ. ಲೈಪೋಸಕ್ಷನ್ ಆದ ಜಾಗಕ್ಕೆ ವಾರಗಟ್ಟಲೆ ಬಿಗಿಯಾದ ಕಂಪ್ರೆಷನ್ ಬೆಲ್ಟ್ ತೊಡಬೇಕು, ಅದನ್ನು ಆಗಾಗ ಒಗೆಯಬೇಕು, ಮತ್ತು ಜುಲೈ ತಿಂಗಳಿನಲ್ಲಿ ನಮ್ಮ ಕಡೆ ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಹಾಕಿದರೂ ತೇವವಾಗಿಯೇ ಇರುತ್ತದೆ. ಹಸಿ ಬೆಲ್ಟ್ ತೊಟ್ಟರೆ ಚರ್ಮಕ್ಕೆ ಕಜ್ಜಿ ಹಿಡಿಯುತ್ತದೆ. ಕೊಯ್ಲು ಮುಗಿದು, ಕಾಫಿ ಗಿಡ ಹೂಬಿಡಿಸುವ ಹೂಮಳೆ ಬರುವ ಮೊದಲಿನ ದಿನಗಳು ನನಗೆ ಸರಿಯೆನಿಸಿದವು. ಬಿಸಿಲು ಚೆನ್ನಾಗಿತ್ತು, ಎರಡು ಬೆಲ್ಟ್ ಕೊಂಡಿದ್ದರಿಂದ ಒಂದು ಒಣಗುವಷ್ಟರಲ್ಲಿ ಇನ್ನೊಂದು ಮೈಮೇಲಿರುತ್ತಿತ್ತು.

ಆಸ್ಪತ್ರೆಯಿಂದ ಬೇಗನೆ ಬಿಟ್ಟರೂ ಮೊದಲ ಡ್ರೆಸ್ಸಿಂಗ್ ಬಿಚ್ಚುವ ತನಕ ಬೆಂಗಳೂರಿನಲ್ಲಿಯೇ ತಂಗಿಯ ಮನೆಯಲ್ಲಿ ಉಳಿದೆ. ಆ ಮೊದಲ ರಾತ್ರಿಯ ಬಗ್ಗೆ ಎಲ್ಲರಿಗೂ ಮೊದಲೇ ತಿಳಿದಿರಬೇಕು: ಕೊಬ್ಬು ಹೀರಿದ ಸಣ್ಣ ತೂತುಗಳಿಂದ ತಿಳಿಗೆಂಪು ನೀರು ಒಸರಿ ಹಾಸಿಗೆ ಒದ್ದೆಯಾಗುತ್ತದೆ. ಅದು ಆಪರೇಷನ್ನಿನಲ್ಲಿ ಒಳಗೆ ಹರಿಸಿದ ದ್ರವ, ಹೆದರಬೇಕಾಗಿಲ್ಲ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೇಲೆ ಹಳೆಯ ಪಂಚೆಗಳನ್ನೂ ಹಾಸಿಟ್ಟಿದ್ದೆವು. ಎದೆಗಿಂತ ಹೊಟ್ಟೆ ಮತ್ತು ತೊಡೆಯೇ ಹೆಚ್ಚು ನೋಯುತ್ತವೆ, ನೀಲಿಗಟ್ಟಿದ್ದು ಹಸಿರಾಗಿ ಹಳದಿಯಾಗಿ ಮಾಯುವುದಕ್ಕೆ ವಾರಗಳು ಬೇಕು. ಊರಿಗೆ ಹಾಸನ, ಬೇಲೂರಿನ ಮೇಲೆ ಕಾರಿನಲ್ಲಿ ಬಂದೆವು. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್ ಇಟ್ಟುಕೊಂಡು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಗಂಟೆಗೊಮ್ಮೆ ಇಳಿದು ನಡೆದಾಡುತ್ತ ಬಂದೆ.

ಮನೆಗೆ ಬಂದ ಮೇಲಿನ ಅಡಚಣೆಗಳು ಆಸ್ಪತ್ರೆ ಕೊಟ್ಟ ಇಂಗ್ಲಿಷ್ ಕರಪತ್ರದಲ್ಲಿ ಇರಲಿಲ್ಲ. ಸೀರೆ ಉಡುವುದಕ್ಕೆ ಲಂಗದ ಲಾಡಿ ಬಿಗಿದರೆ ಅದು ಸರಿಯಾಗಿ ಕೊಬ್ಬು ತೆಗೆದ ಜಾಗವನ್ನೇ ಕೊರೆಯುತ್ತದೆ. ಆದ್ದರಿಂದ ಮುಂದೆ ಗುಂಡಿಯಿರುವ ಸಡಿಲ ನೈಟಿಯಲ್ಲಿಯೇ ಇದ್ದು, ನೆಂಟರು ಬಂದಾಗ ಮೇಲೊಂದು ಶಾಲು ಹೊದೆಯುತ್ತಿದ್ದೆ. ಕರಿಮಣಿ ಸರ ಬಲ ಸ್ತನದ ಹೊಸ ಹೊಲಿಗೆಗೆ ತಗಲುತ್ತಿತ್ತು. ಅತ್ತೆಯವರೇ ಅದನ್ನು ಗಿಡ್ಡ ಮಾಡಿ ಕಟ್ಟಿಕೊಟ್ಟರು. ತೆಂಗಿನಕಾಯಿ ತುರಿಯುವುದು, ಕೊಡ ಎತ್ತುವುದು, ಅಟ್ಟದಿಂದ ಡಬ್ಬ ಇಳಿಸುವುದು, ಸ್ಕೂಟರ್ ಓಡಿಸುವುದು ಇವೆಲ್ಲ ಎದೆಯ ಸ್ನಾಯುವನ್ನು ಎಳೆಯುವ ಕೆಲಸಗಳೇ. ಇವನ್ನು ಯಾರು ಮಾಡಬೇಕೆಂದು ಹೊರಡುವ ಮೊದಲೇ ಮನೆಯವರನ್ನು ಕೂರಿಸಿ ಮಾತಾಡಿ ಹಂಚಿದ್ದೆ. ಗಾಯದ ನೀರು ಹೊರಬಿಡುವ ಡ್ರೈನ್ ಪೈಪು ಇಲ್ಲದೆ, ಕೂದಲು ಉದುರದೆ, ಮುಖ ಬಾಡದೆ ಬಂದವಳನ್ನು ನೋಡಿದವರಿಗೆ ಎಲ್ಲವೂ ಸರಿಹೋದಂತೆಯೇ ಕಾಣುತ್ತದೆ. ಹೀಗಾಗಿ ಆ ಮಾತುಕತೆ ಆಗದೆ ಇದ್ದಿದ್ದರೆ ಮೂರನೆಯ ದಿನವೇ ಅಡುಗೆಮನೆ ನನ್ನ ಪಾಲಿಗೆ ಬರುತ್ತಿತ್ತು.

ಬಿಸಿಯ ವಿಷಯವನ್ನು ಒತ್ತಿ ಹೇಳಬೇಕು. ಬೆನ್ನಿನಿಂದ ತಂದ ಚರ್ಮಕ್ಕೆ ಸ್ಪರ್ಶಜ್ಞಾನ ಬಹಳ ಕಡಿಮೆ, ಸುಟ್ಟರೂ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನ ಚಳಿಗೆ ಬಿಸಿನೀರಿನ ಚೀಲ, ಹಂಡೆಯ ಕುದಿನೀರು, ಕೆಂಡದ ಶಾಖ ಇವೆಲ್ಲ ಕೈಗೆಟುಕುವಂತೆಯೇ ಇರುತ್ತವೆ. “ಶಾಖ ಕೊಟ್ರೆ ನೋವು ಇಳಿಯುತ್ತೆ ಕಣೇ, ಕೊಬ್ಬರಿ ಎಣ್ಣೆ ಬಿಸಿ ಮಾಡ್ಲಾ?” ಎಂದು ಅತ್ತೆ ಪ್ರೀತಿಯಿಂದಲೇ ಕೇಳಿದರು. “ಬೇಡ ಅತ್ತೆ, ಅಲ್ಲಿ ನನಗೆ ಬಿಸಿ ತಿಳಿಯೋದೇ ಇಲ್ಲ” ಎಂದು ಅವರ ಕೈಯನ್ನು ಹಿಡಿದು ಆ ಜಾಗವನ್ನು ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು, ನೀವು ಎಲ್ಲಿ ಮುಟ್ಟುತ್ತಿದ್ದೀರೆಂದು ನನಗೆ ಹೇಳಲಾಗುತ್ತಿಲ್ಲ ಎಂದೆ. ಆಮೇಲೆ ಅವರೇ ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡಿ ಕೊಡತೊಡಗಿದರು. ತಣ್ಣಗಿನ ಐಸ್ ಕೂಡ ಕೊಬ್ಬು ತುಂಬಿದ ಜಾಗಕ್ಕೆ ಸಲ್ಲದು. ತುಂಬಿದ ಕೊಬ್ಬಿಗೆ ತನ್ನದೇ ರಕ್ತನಾಳ ಇರುವುದಿಲ್ಲ. ನರ್ಸರಿಯಿಂದ ತಂದು ನೆಟ್ಟ ಕಾಫಿ ಸಸಿಯಂತೆ ಅದು ಸುತ್ತಲಿನಿಂದ ಜೀವರಸ ಎಳೆದುಕೊಂಡು ನೆಲೆಯೂರುವ ತನಕ ಒತ್ತಡ, ತಿಕ್ಕಾಟ, ಅತಿ ಚಳಿ ಯಾವುದೂ ತಾಗಬಾರದು. ಆದ್ದರಿಂದ ಬೆಲ್ಟ್ ಹೊಟ್ಟೆಗೆ ಮಾತ್ರ ಬಿಗಿ. ಎದೆಗೆ ತಂತಿಯಿಲ್ಲದ ಮೃದುವಾದ ಒಳಉಡುಪು. ಮಲಗುವುದು ಅಂಗಾತ, ತಲೆಯ ಕಡೆ ದಿಂಬು ಎತ್ತರಿಸಿ.

ಊಟದಲ್ಲಿ ನಂಜು ಎಂದು ಬದನೆಕಾಯಿ, ಮೊಟ್ಟೆ, ಮೀನು ಎಲ್ಲವನ್ನೂ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಗಾಯ ಕೂಡುವುದಕ್ಕೆ ಪ್ರೋಟೀನ್ ಬೇಕು ಎಂದು ವೈದ್ಯರು ಹೇಳಿದ್ದನ್ನೇ ನಾನು ಹಿಡಿದೆ: ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೊಳಕೆ ಕಟ್ಟಿದ ಹುರುಳಿಯ ಸಾರು, ಮೊಸರು. ಗಾಯಕ್ಕೆ ಅರಿಶಿನ, ಎಣ್ಣೆ ಯಾವುದನ್ನೂ ಸೋಕಿಸಲಿಲ್ಲ. ಗಾಯ ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಿ ಬೆರಳಿನಿಂದ ಕಲೆಯ ಉದ್ದಕ್ಕೂ ಒತ್ತಿ ನೀವುವುದನ್ನು ಶುರುಮಾಡಿದೆ. ಕಲೆ ಮೆತ್ತಗಾಗಿ ಬಿಳಿಚಿಕೊಳ್ಳುವುದಕ್ಕೆ ಒಂದು ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ.

ತೋಳಿನ ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್ ಹೇಳಿದ ಕ್ರಮ ಸರಳ. ಮೊದಲ ಎರಡು ವಾರ ಕೈ ಹೆಗಲಿನ ಮಟ್ಟ ದಾಟಬಾರದು, ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳಿಂದ ಮೇಲಕ್ಕೆ ಹತ್ತಿಸಬೇಕು. ಮಲಗುವ ಕೋಣೆಯ ಬಾಗಿಲ ಪಕ್ಕದ ಸುಣ್ಣದ ಗೋಡೆಯಲ್ಲಿ ಬೆರಳು ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗೀಟು ಹಾಕುತ್ತಿದ್ದೆ. ಕೆಲವು ಸಂಜೆ ಗೀಟು ಹಿಂದಿನದಕ್ಕಿಂತ ಕೆಳಗೆ ಬೀಳುತ್ತಿತ್ತು. ಅಂಥ ದಿನ ಒತ್ತಾಯಪಡಿಸದೆ ನಿಲ್ಲಿಸುತ್ತಿದ್ದೆ. ಎಡ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ಮೊದಲೇ ತೆಗೆದಿದ್ದರಿಂದ ಆ ಕೈ ಬಾತುಕೊಳ್ಳುವ ಅಪಾಯ ಜೀವನಪೂರ್ತಿ ಇದೆ. ತೋಟಕ್ಕೆ ಇಳಿಯುವಾಗ ಉದ್ದ ತೋಳಿನ ಅಂಗಿ ಮತ್ತು ಕೈಗವಸು ಹಾಕುತ್ತೇನೆ, ಸಣ್ಣ ಮುಳ್ಳು ಗೀರಿದರೂ ತೊಳೆದು ಔಷಧಿ ಹಚ್ಚುತ್ತೇನೆ.

ಬೆಂಗಳೂರಿಗೆ ಪದೇಪದೇ ಓಡಾಡುವುದನ್ನು ತಪ್ಪಿಸಲು ಸರ್ಜನ್ ಒಪ್ಪಿಗೆಯಿಂದ ಒಂದು ವ್ಯವಸ್ಥೆ ಮಾಡಿಕೊಂಡೆ. ಡ್ರೆಸ್ಸಿಂಗ್ ಚಿಕ್ಕಮಗಳೂರಿನಲ್ಲಿ, ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದ ಫೋಟೋ ಬೆಂಗಳೂರಿಗೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಮಗಳು ಮೇಲಿನ ರಸ್ತೆಗೆ ಹೋಗಿ ಕಳುಹಿಸುತ್ತಿದ್ದಳು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ, ಕೆಂಪು ಹರಡುತ್ತ ಹೋದರೆ, ಒಂದು ಕಡೆ ಇದ್ದಕ್ಕಿದ್ದಂತೆ ಊದಿ ಬಿಗಿದರೆ, ಗಾಯದಿಂದ ವಾಸನೆ ಬಂದರೆ ಫೋಟೋಗೆ ಕಾಯದೆ ಹೊರಡಬೇಕು. ಮೀನಖಂಡ ಊದಿ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ಬೆಂಗಳೂರಿನ ದಾರಿ ಹಿಡಿಯದೆ ಹತ್ತಿರದ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಇವನ್ನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಅಂಟಿಸಿದ್ದೆ.

ಮೊದಲ ತಿಂಗಳು ಎಡ ಸ್ತನ ಬೇಕಾದುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ, ಆಮೇಲೆ ಇಳಿಯುತ್ತದೆ. ಅದು ಇಳಿಯುವಾಗ ಎಲ್ಲವೂ ವ್ಯರ್ಥವಾಯಿತೇನೋ ಎಂದು ಎದೆ ಕುಸಿಯುತ್ತದೆ. ಊತ ಇಳಿಯುವುದರ ಜೊತೆಗೆ ತುಂಬಿದ ಕೊಬ್ಬಿನಲ್ಲಿ ಒಂದಷ್ಟು ಭಾಗ, ಕೆಲವರಲ್ಲಿ ಅರ್ಧದಷ್ಟು, ಮೊದಲ ಮೂರು ತಿಂಗಳಲ್ಲಿ ಕರಗುತ್ತದೆ. ಆಮೇಲೆ ಉಳಿದದ್ದು ಉಳಿಯುತ್ತದೆ. ಆದ್ದರಿಂದ ಹೊಸ ರವಿಕೆಗೆ ಅಳತೆ ಕೊಡುವುದನ್ನು ನಾನು ಮೂರು ತಿಂಗಳು ದಾಟುವ ತನಕ ಮುಂದೂಡಿದೆ. ನಮ್ಮ ಟೈಲರಮ್ಮ ಎರಡೂ ಕಡೆ ಬೇರೆಬೇರೆ ಅಳತೆ ಹಿಡಿದು, ಕಂಕುಳಿನ ಹೊಲಿಗೆಯನ್ನು ಕಲೆಗೆ ತಾಗದಂತೆ ಹಿಂದಕ್ಕೆ ಸರಿಸಿ ಹೊಲಿದುಕೊಟ್ಟರು. ಇನ್ನೂ ಸ್ವಲ್ಪ ತಗ್ಗು ಉಳಿದಿದೆ. ಮತ್ತೊಮ್ಮೆ ತುಂಬಬಹುದೆಂದು ಸರ್ಜನ್ ಹೇಳಿದರೂ ನನಗೆ ಇಷ್ಟು ಸಾಕೆನಿಸಿದೆ. ಮೊಲೆತೊಟ್ಟು ಕಟ್ಟಿಸಿಕೊಳ್ಳುವುದನ್ನೂ ಸದ್ಯಕ್ಕೆ ಬಿಟ್ಟಿದ್ದೇನೆ.

ಕೆಲವು ತಿಂಗಳಾದ ಮೇಲೆ ಸ್ನಾನ ಮಾಡುವಾಗ ತುಂಬಿದ ಜಾಗದಲ್ಲಿ ಗಟ್ಟಿಯಾದ ಸಣ್ಣ ಗಂಟು ಕೈಗೆ ಸಿಕ್ಕಿತು. ರಕ್ತ ಸಿಗದ ಕೊಬ್ಬು ಹೀಗೆ ಗಂಟಾಗುವುದು ಸಾಮಾನ್ಯವೆಂದು ನನಗೆ ಮೊದಲೇ ಹೇಳಿದ್ದರು, ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕೈಯಿಂದ ಮುಟ್ಟಿ ನೋಡಿ ಯಾರೂ ಅದನ್ನು ಖಚಿತವಾಗಿ ಹೇಳಲಾರರು, ಹೇಳಲೂಬಾರದು. ಅಲ್ಟ್ರಾಸೌಂಡ್ ಮಾಡಿದಾಗ ಅದು ಕೊಬ್ಬು ಕರಗಿ ಎಣ್ಣೆ ತುಂಬಿದ ಪುಟ್ಟ ಚೀಲವೆಂದು ತಿಳಿಯಿತು. ಸ್ಕ್ಯಾನ್ ಮಾಡುವವರಿಗೆ ಇಲ್ಲಿ ಕೊಬ್ಬು ತುಂಬಿಸಲಾಗಿದೆ ಎಂದು ನಾವೇ ಹೇಳಬೇಕು, ಚೀಟಿಯಲ್ಲಿ ಬರೆಸಬೇಕು. ಬಲ ಸ್ತನದಿಂದ ತೆಗೆದ ಮಾಂಸವನ್ನು ಬಯಾಪ್ಸಿಗೆ ಕಳುಹಿಸಿದ್ದಾರೆಯೇ ಎಂದು ಕೇಳಿ ಆ ವರದಿಯನ್ನೂ ಪಡೆದುಕೊಳ್ಳಿ. ನನ್ನದರಲ್ಲಿ ಏನೂ ಇರಲಿಲ್ಲ. ಆರು ತಿಂಗಳ ನಂತರ ಆ ಬಲ ಸ್ತನಕ್ಕೆ ಮಾಡಿಸಿದ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌-ರೇ) ಇನ್ನು ಮುಂದೆ ಪ್ರತಿವರ್ಷದ ಚಿತ್ರಗಳನ್ನು ಹೋಲಿಸುವುದಕ್ಕೆ ಆಧಾರವಾಗುತ್ತದೆಯಾದ್ದರಿಂದ, ಅದರ ಸಿ.ಡಿ.ಯನ್ನು ಆಪರೇಷನ್ನಿನ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟು, ಆ ಫೈಲು ಎಲ್ಲಿದೆಯೆಂದು ಮಗಳಿಗೂ ತೋರಿಸಿದ್ದೇನೆ.