ಕುಂಡದಲ್ಲಿ ಪಟ್ಟೆ ಗುಲಾಬಿ: ಮಳೆಗಾಲ ದಾಟಿಸಿದರೆ ಅರ್ಧ ಗೆದ್ದ ಹಾಗೆ

ಶಿವಮೊಗ್ಗದ ನಮ್ಮ ಮನೆಯ ಮಹಡಿ ಮೆಟ್ಟಿಲ ಪಕ್ಕ ಒಂದು ಗುಲಾಬಿ ಕುಂಡ ಇದೆ. ಬಿಳಿ ಎಸಳಿನ ಮೇಲೆ ಯಾರೋ ಕುಂಕುಮದ ನೀರಲ್ಲಿ ಕಡ್ಡಿ ಅದ್ದಿ ಗೀರಿದ ಹಾಗೆ ಕೆಂಪು ಪಟ್ಟೆ. ಒಂದು ಹೂವಿದ್ದ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಅರ್ಧಕ್ಕರ್ಧ ಕೆಂಪು, ಪಕ್ಕದ್ದರಲ್ಲಿ ಸುಮ್ನೆ ನಾಲ್ಕು ಚುಕ್ಕಿ. ನೋಡಿದವರು ಮೊದಲು ಕೇಳುವುದೇ, ‘ಬಣ್ಣ ಹಾಕಿದ್ದಾ?’ ಅಂತ. ಎರಡನೆಯ ಪ್ರಶ್ನೆ, ‘ನಮ್ಮ ಮಳೆಗೆ ಇದು ಬದುಕತ್ತಾ?’ ಈ ಎರಡನೆಯದೇ ಸರಿಯಾದ ಪ್ರಶ್ನೆ. ಮಲೆನಾಡಿನಲ್ಲಿ ಗುಲಾಬಿ ಬಿಸಿಲಿಗೆ ಸಾಯುವುದು ಕಡಿಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒದ್ದೆಗೆ ಸಾಯುವುದೇ ಜಾಸ್ತಿ.

ಬಣ್ಣದ ವಿಷಯ ಮೊದಲು ಮುಗಿಸಿಬಿಡೋಣ. ಪಟ್ಟೆ ರೋಗವಲ್ಲ. ಹೂವುಗಳಲ್ಲಿ ಇಂಥ ಪಟ್ಟೆ ಬರುವುದು ಸಾಮಾನ್ಯವಾಗಿ ‘ಜಿಗಿಯುವ ಜೀನು’ಗಳಿಂದ. ಬಣ್ಣ ತಯಾರಿಸುವ ಜೀನಿನ ಒಳಗೆ ಒಂದು ಪುಟ್ಟ ಡಿಎನ್‌ಎ ತುಣುಕು ಬಂದು ಕೂತಿರುತ್ತದೆ. ಅದು ಕೂತಿರುವಷ್ಟು ಹೊತ್ತು ಬಣ್ಣ ಬಂದ್. ಎಸಳು ಬೆಳೆಯುವಾಗ ಒಂದು ಕೋಶದಲ್ಲಿ ಅದು ಎದ್ದು ಹೋದರೆ, ಆ ಕೋಶದಿಂದ ಹುಟ್ಟಿದ್ದೆಲ್ಲ ಕೆಂಪು. ಬೇಗ ಎದ್ದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಚುಕ್ಕಿ. ಮೆಕ್ಕೆಜೋಳದ ಕಾಳಿನ ಬಣ್ಣ ನೋಡಿ ಇದನ್ನು ಕಂಡುಹಿಡಿದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು.

ಪಟ್ಟೆ ಗುಲಾಬಿ ಹೊಸದೂ ಅಲ್ಲ. ಯುರೋಪಿನ ‘ರೋಸಾ ಮುಂಡಿ’ 16ನೇ ಶತಮಾನದಿಂದಲೂ ಇದೆ, ಆದರೆ ಅದು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ಜಾತಿ. ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್ ‘ಫರ್ಡಿನಾಂಡ್ ಪಿಚಾರ್ಡ್’ ಎಂಬ ಹಳೆಯ ಪಟ್ಟೆ ತಳಿಯನ್ನು ಬಳಸಿ ಈ ಗುಣವನ್ನು ಮತ್ತೆ ಮತ್ತೆ ಹೂ ಬಿಡುವ ಹೊಸ ಗುಲಾಬಿಗಳಿಗೆ ತಂದರು. ಆಮೇಲೆ ಬಂದ, ಗೊಂಚಲು ಹೂ ಬಿಡುವ ಫ್ಲೋರಿಬಂಡಾಗಳಲ್ಲಿ ‘ಸೆಂಟಿಮೆಂಟಲ್’ ಹೆಸರುವಾಸಿ. ‘ಪರ್ಪಲ್ ಟೈಗರ್’ ನೇರಳೆ ಪಟ್ಟೆಯದು. ನಮ್ಮ ದೇಶದಲ್ಲೇ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗಾಮಾ ಕಿರಣ ಹಾಯಿಸಿ ಪಡೆದ ‘ಅಭಿಸಾರಿಕಾ’ಗೂ ಪಟ್ಟೆ ಇದೆ, ಆದರೆ ಅದು ಕಡ್ಡಿಗೊಂದು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ. ಕುಂಡಕ್ಕೆ ನನ್ನ ಮತ ಫ್ಲೋರಿಬಂಡಾಕ್ಕೇ. ಗಿಡ ಮೂರ್ನಾಲ್ಕು ಅಡಿಗೆ ನಿಲ್ಲುತ್ತದೆ, ಹೂ ಗೊಂಚಲಾಗಿ ಬರುತ್ತದೆ. ಮಳೆಗೆ ಒಂದು ಕೊಳೆತರೂ ಪಕ್ಕದಲ್ಲಿ ನಾಲ್ಕು ಮೊಗ್ಗು ಉಳಿದಿರುತ್ತವೆ.

ಚೀಟಿ ನೋಡಬೇಡಿ, ಹೂ ನೋಡಿ

ನಾನು ಮೊದಲ ಸಲ ತಂದದ್ದು ಗಾಡಿಯವನ ಹತ್ತಿರ. ಕುತ್ತಿಗೆಗೆ ಪಟ್ಟೆ ಹೂವಿನ ಫೋಟೋ ಕಟ್ಟಿಕೊಂಡು ಗಿಡ ಗತ್ತಿನಲ್ಲಿ ನಿಂತಿತ್ತು. ಮೂರು ತಿಂಗಳು ಸಾಕಿದ ಮೇಲೆ ಅರಳಿದ್ದು ಅಪ್ಪಟ ಪಿಂಕ್. ಗಾಡಿ ಅಷ್ಟರಲ್ಲಿ ಯಾವ ಊರಿಗೆ ಹೋಗಿತ್ತೋ! ಹಾಗಾಗಿ ಕನಿಷ್ಠ ಒಂದು ಹೂವಾದರೂ ಅರಳಿರುವ ಕಸಿ ಗಿಡವನ್ನೇ ತನ್ನಿ. ಆನ್‌ಲೈನ್‌ನಲ್ಲಿ ‘ಪಟ್ಟೆ ಗುಲಾಬಿ ಬೀಜ’ ಅಂತ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಗುಲಾಬಿ ಬೀಜದಿಂದ ತಾಯಿಯಂಥದ್ದೇ ಗಿಡ ಹುಟ್ಟುವುದಿಲ್ಲ.

ಗಿಡ ತರುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಆರಿದ್ರಾ ಮಳೆ ಹೊತ್ತಿಗೆ ಅದರ ಬೇರು ಕುಂಡದ ತುಂಬ ಹರಡಿಕೊಂಡಿರಬೇಕು.

ಕುಂಡ ಮತ್ತು ಮಣ್ಣು

ಕುಂಡ 12 ಇಂಚಿಗೆ ಕಡಿಮೆ ಬೇಡ, 14 ಆದರೆ ಒಳ್ಳೆಯದು. ಮಣ್ಣಿನ ಕುಂಡವಾದರೆ ಬೇಗ ಒಣಗುತ್ತದೆ, ನಮ್ಮ ಕಡೆ ಅದೇ ಅನುಕೂಲ. ಪ್ಲಾಸ್ಟಿಕ್ ಆದರೆ ತಳದಲ್ಲಿ ನಾಲ್ಕಾರು ತೂತು ಹೆಚ್ಚಿಗೆ ಮಾಡಿ. ಅಡಿಗೆ ತಟ್ಟೆ ಇಡಬೇಡಿ, ಎರಡು ಇಟ್ಟಿಗೆ ಇಡಿ.

ನಮ್ಮ ಕೆಂಪು ಮಣ್ಣು ಹೊಲದಲ್ಲಿ ಚೆನ್ನ. ಕುಂಡದಲ್ಲಿ ಅದೊಂದನ್ನೇ ತುಂಬಿದರೆ ಮಳೆಗೆ ಅಂಟಾಗಿ, ಬೇಸಿಗೆಗೆ ಇಟ್ಟಿಗೆಯಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ಸೇರಿಸಿ. ಅಕ್ಕಿ ಗಿರಣಿ ಇರುವ ಊರಲ್ಲಿ ಹೊಟ್ಟಿಗೆ ಬರವಿಲ್ಲ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಎಲುಬಿನ ಪುಡಿ ಮನೆಗೆ ಬೇಡ ಅನ್ನುವವರು ಬಿಟ್ಟುಬಿಡಿ, ಗಿಡ ಮುನಿಸಿಕೊಳ್ಳುವುದಿಲ್ಲ.

ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಎರಡು ಇಂಚು ಮೇಲಿರಲಿ. ಒದ್ದೆ ಮಣ್ಣಲ್ಲಿ ಹೂತ ಗಂಟು ಕೊಳೆಯುತ್ತದೆ. ಕುಂಡವನ್ನು ಬೆಳಗಿನ ಬಿಸಿಲು ಐದಾರು ಗಂಟೆ ಬೀಳುವ ಪೂರ್ವದ ಕಡೆ ಇಡಿ. ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಪಟ್ಟೆ ಬೇಗ ಮಾಸುತ್ತದೆ. ಡಿಸೆಂಬರ್ ಚಳಿಯ ಹೂವಿನ ಗೆರೆ ನೋಡಿದರೆ ಅದೇ ಗಿಡ ಅಂತ ನಂಬುವುದು ಕಷ್ಟ.

ಮಳೆ ನಾಲ್ಕು ತಿಂಗಳು

ಕಪ್ಪು ಚುಕ್ಕಿ ರೋಗ ನಮ್ಮ ಗುಲಾಬಿಗಳ ಯಮ. ಎಲೆಯ ಮೇಲೆ ಅಂಚು ಹರಿದಂಥ ಕಪ್ಪು ಮಚ್ಚೆ, ಸುತ್ತ ಹಳದಿ, ಒಂದು ವಾರದಲ್ಲಿ ಎಲೆ ಕೆಳಗೆ. ಇದು ಶಿಲೀಂಧ್ರದ ಕೆಲಸ. ಎಲೆ ಏಳೆಂಟು ಗಂಟೆ ಸತತವಾಗಿ ಒದ್ದೆಯಿದ್ದರೆ ಅದಕ್ಕೆ ಸಾಕು. ಪುನರ್ವಸು, ಪುಷ್ಯದಲ್ಲಿ ನಮ್ಮ ಎಲೆಗಳು ಏಳೆಂಟು ದಿನ ಒದ್ದೆಯಿರುತ್ತವೆ!

ಹಾಗಾಗಿ ಮೊದಲ ಮದ್ದು ಜಾಗ ಬದಲಿಸುವುದು. ಗಿಡ ಕುಂಡದಲ್ಲಿರುವುದರ ಲಾಭ ಅದೇ ಅಲ್ವಾ? ಜೂನ್ ಮೊದಲ ವಾರ ಕುಂಡವನ್ನು ಸೂರಿನಡಿಗೆ ಎಳೆಯಿರಿ. ಬೆಳಕು ಬರಬೇಕು, ಹನಿ ಬೀಳಬಾರದು, ಗಾಳಿ ಆಡಬೇಕು. ಹಂಚಿನ ಮನೆಯಾದರೆ ಸೂರಿನ ನೀರು ಧಾರೆಯಾಗಿ ಬೀಳುವ ಗೆರೆಯಿಂದ ಒಂದು ಮೊಳ ಒಳಗೆ. ಕುಂಡ ಕುಂಡಕ್ಕೆ ಅಂಟಿಸಿ ಇಡಬೇಡಿ. ನೆಲದಿಂದ ಒಂದು ಗೇಣು ಎತ್ತರದವರೆಗಿನ ಎಲೆಗಳನ್ನು ಕಿತ್ತುಬಿಡಿ, ಮಣ್ಣು ಸಿಡಿದು ರೋಗ ಏರುವುದು ಅಲ್ಲಿಂದಲೇ. ಉದುರಿದ ಎಲೆಯನ್ನು ಕುಂಡದಲ್ಲೇ ಗೊಬ್ಬರವಾಗಲಿ ಅಂತ ಬಿಡಬೇಡಿ.

ಎರಡನೆಯದು ಸಿಂಪಡಣೆ. ಅಡಿಕೆ ತೋಟ ಇರುವವರ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಿದ ದಿನ ಒಂದು ಚೊಂಬು ಕೇಳಿ ಪಡೆಯಿರಿ. ಅಡಿಕೆಗೆ ಹೊಡೆಯುವುದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದ್ದು. ಗುಲಾಬಿಯ ಎಳೆ ಎಲೆಗೆ ಅದು ಖಾರ. ಒಂದು ಚೊಂಬಿಗೆ ಇನ್ನೊಂದು ಚೊಂಬು ನೀರು ಬೆರೆಸಿ ತೆಳು ಮಾಡಿ, ಅವತ್ತೇ ಹೊಡೆದು ಮುಗಿಸಿ. ಪೇಟೆಯವರಿಗೆ ಕಾಪರ್ ಆಕ್ಸಿಕ್ಲೋರೈಡ್ ಸಿಗುತ್ತದೆ, ಲೀಟರಿಗೆ ಎರಡೂವರೆ, ಮೂರು ಗ್ರಾಂ. ಯಾವುದೇ ಆಗಲಿ, ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ಮಳೆ ಬಿಟ್ಟು ಹೊಳವಾದ ದಿನ. ಎಲೆಯ ಅಡಿಭಾಗ ಮರೆಯಬೇಡಿ.

ಈ ನಾಲ್ಕು ತಿಂಗಳು ಗೊಬ್ಬರ ಬೇಡ, ಹೂವಿನ ಆಸೆಯೂ ಬೇಡ. ಮೊಗ್ಗು ಬಂದರೆ ಚಿವುಟಿ. ನೀರನ್ನು ಬೆರಳು ಮಣ್ಣೊಳಗೆ ಇಳಿಸಿ ನೋಡಿಯೇ ಹಾಕಿ. ಸೂರಿನಡಿ ಇಟ್ಟ ಗಿಡ ಸುತ್ತ ಮಳೆ ಸುರಿಯುತ್ತಿರುವಾಗಲೇ ಒಣಗಿ ಸತ್ತದ್ದನ್ನೂ ಕಂಡಿದ್ದೇನೆ. ನಮ್ಮನೆಯದೇ ಗಿಡ.

ಸ್ವಾತಿ ಮಳೆಗೆ ಕತ್ತರಿ

ಚಿತ್ತೆ ಮುಗಿದು ಸ್ವಾತಿ ಶುರುವಾಗುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಗೆ, ಒಣ ದಿನ ನೋಡಿ ಗಿಡ ಸವರಿ. ಸತ್ತ ಕಡ್ಡಿ, ಬಡಕಲು ಕಡ್ಡಿ, ಒಳಮುಖ ಬೆಳೆದದ್ದು ಎಲ್ಲ ತೆಗೆಯಿರಿ. ನಾಲ್ಕೈದು ಗಟ್ಟಿ ಕಡ್ಡಿ ಉಳಿಸಿ, ಅವನ್ನು ಅರ್ಧಕ್ಕೆ ಕತ್ತರಿಸಿ. ಎಲೆ ಉದುರಿದ ಜಾಗದಲ್ಲಿ ಅಕ್ಕಿಕಾಳಿನಷ್ಟು ಕೆಂಪಗಿನ ಕಣ್ಣು ಕಾಣುತ್ತದೆ. ಹೊರಮುಖದ ಕಣ್ಣು ಹುಡುಕಿ, ಅದರ ಕಾಲಿಂಚು ಮೇಲೆ ಓರೆಯಾಗಿ ಕತ್ತರಿ ಹಾಕಿ. ಒಳಗಿನ ತಿರುಳು ಹಸಿರುಬಿಳಿ ಇರಬೇಕು. ಕಂದು ಕಂಡರೆ ಅದು ತುದಿಯಿಂದ ಒಣಗುವ ರೋಗ, ಬಿಳಿ ಸಿಗುವವರೆಗೂ ಕೆಳಗಿಳಿಯಿರಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ.

ಆಮೇಲೆ ಗೊಬ್ಬರ. ಮೇಲಿನ ಎರಡು ಇಂಚು ಮಣ್ಣು ತೆಗೆದು ಕೊಟ್ಟಿಗೆ ಗೊಬ್ಬರ ತುಂಬಿ. ಚಿಗುರು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಕಡಲೆ ಹಿಂಡಿಯ ನೀರು: ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ. ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ, ಮೊದಲ ಗೊಂಚಲನ್ನು ಅವರಿಗೇ ಕೊಡಿ. ಸವರಿದ ದಿನದಿಂದ ಸುಮಾರು 45ರಿಂದ 50 ದಿನಕ್ಕೆ ಹೂ. ಗಣರಾಜ್ಯೋತ್ಸವಕ್ಕೇ ಬೇಕು ಅನ್ನುವವರು ಡಿಸೆಂಬರ್ ಎರಡನೇ ವಾರದ ಒಳಗೆ ಇನ್ನೊಮ್ಮೆ ಹಗುರವಾಗಿ ಸವರಬಹುದು.

ಗೊಂಚಲಿನ ನಡುವಿನ ಮೊಗ್ಗು ಎಲ್ಲಕ್ಕಿಂತ ಮೊದಲು ಅರಳಿ, ಉಳಿದವು ಬಾಯಿ ಬಿಡುವಷ್ಟರಲ್ಲಿ ಕಂದಾಗುತ್ತದೆ. ಬಟಾಣಿ ಗಾತ್ರ ಇದ್ದಾಗಲೇ ಅದೊಂದನ್ನು ಚಿವುಟಿದರೆ ಮಿಕ್ಕವೆಲ್ಲ ಒಟ್ಟಿಗೆ ಅರಳುತ್ತವೆ. ಬಾಡಿದ ಮೇಲೆ ಇಡೀ ಗೊಂಚಲನ್ನು ಒಂದು ಪೂರ್ತಿ ಎಲೆಯವರೆಗೆ ಕತ್ತರಿಸಿ. ಚಳಿಯಲ್ಲಿ ಬೂದಿ ರೋಗ, ಮಾರ್ಚ್‌ನಲ್ಲಿ ನುಸಿ ಬರಬಹುದು. ನುಸಿಗೆ ಲೀಟರಿಗೆ ಐದು ಎಂಎಲ್ ಬೇವಿನೆಣ್ಣೆ, ಚೂರು ಸೋಪಿನ ನೀರು, ಸಂಜೆ ಹೊತ್ತು. ಮಂಗಗಳಿಗೆ ನನ್ನ ಹತ್ತಿರ ಮದ್ದಿಲ್ಲ.

ಕಣ್ಣಿಡಬೇಕಾದ್ದು ಇನ್ನೊಂದಿದೆ. ಗಂಟಿನ ಕೆಳಗಿನಿಂದ ಭರ್ರನೆ ಏಳುವ ಕಡ್ಡಿ ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಬಳಸಿದ ಅಡಿಯ ಗಿಡದ್ದು, ಬುಡದಿಂದಲೇ ಕಿತ್ತು ತೆಗೆಯಿರಿ. ಗಂಟಿನ ಮೇಲಿನ ಕಡ್ಡಿಯೂ ಒಮ್ಮೊಮ್ಮೆ ಪಟ್ಟೆ ಮರೆತು ಬರೀ ಕೆಂಪು ಹೂ ಬಿಡುತ್ತದೆ. ಅದು ಹೆಚ್ಚಾಗಿ ಜೋರು ಬೆಳೆದು ಪಟ್ಟೆಯ ಕಡ್ಡಿಗಳನ್ನು ಹಿಂದೆ ಹಾಕುತ್ತದೆ, ಅದಕ್ಕೇ ಬುಡಕ್ಕೆ ಕತ್ತರಿಸಬೇಕು. ನಮ್ಮ ಗಿಡದಲ್ಲಿ ಹಾಗಾದಾಗ ಅಮ್ಮ ಕತ್ತರಿಸಿದ ಕಡ್ಡಿ ಎತ್ತಿಕೊಂಡು ಹೋಗಿ ತುಳಸಿಕಟ್ಟೆ ಪಕ್ಕ ಚುಚ್ಚಿದರು. ಈಗ ದೇವರಿಗೆ ಅದರದ್ದೇ ಹೂ. ಪಟ್ಟೆ ಹೂವು ದೇವರಿಗೆ ಅರ್ಧ ಬಣ್ಣ ಹಾಕಿ ಕೊಟ್ಟ ಹಾಗೆ ಆಗತ್ತೆ ಅಂತಾರೆ.